ಗಿರಿಜತ್ತೆಯ ಹಡಗು ಪ್ರಯಾಣ: ನಮ್ಮ ಮನೆ ಗ್ರೂಪಿನಲ್ಲಿ ನಡೆದದ್ದು

ರಮೇಶ ಚಿಕ್ಕಪ್ಪ: (ಫಾರ್ವರ್ಡ್) ಎಚ್ಚರ!! ಪ್ರವಾಸಿ ಹಡಗಿನ ಮೇಲೆ ಹಳದಿ ಬಾವುಟ ಕಂಡರೆ ಒಳಗೆ ಮಾರಕ ರೋಗ ಇದೆ ಎಂದರ್ಥ. ಕಂಪನಿಗಳು ಮುಚ್ಚಿಡುತ್ತಿವೆ. ವಾಂತಿಭೇದಿ ವೈರಸ್ ಎಸಿ ಕೊಳವೆಯಲ್ಲಿ ಕ್ಯಾಬಿನ್ನಿಂದ ಕ್ಯಾಬಿನ್ನಿಗೆ ಹೋಗುತ್ತದೆ. ಗಂಟೆಗೊಮ್ಮೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಏನೂ ಆಗುವುದಿಲ್ಲ. ನಿಮ್ಮವರಿಗೆಲ್ಲ ಕಳಿಸಿ.

ರಮೇಶ ಚಿಕ್ಕಪ್ಪ: ಗಿರಿಜಕ್ಕ, ನಿನಗೋಸ್ಕರಾನೇ ಹಾಕಿದ್ದು. ಟಿಕೆಟ್ ಕ್ಯಾನ್ಸಲ್ ಮಾಡು.

ಗಿರಿಜತ್ತೆ: ಅಯ್ಯೋ, ಮುಂದಿನ ತಿಂಗಳು ಹೊರಟಿದ್ದೀವಿ ಕಣೋ. ದುಡ್ಡೂ ಕಟ್ಟಾಗಿದೆ. ಈಗ ಹೇಳ್ತೀಯಲ್ಲ.

ಅನಿಲ: ಚಿಕ್ಕಪ್ಪ, ಇದನ್ನ ಬರೆದವರು ಯಾರು? ಯಾವ ಹಡಗು, ಯಾವ ಬಂದರು, ಯಾವ ವರ್ಷ? ಒಂದೂ ಇಲ್ಲ.

ರಮೇಶ ಚಿಕ್ಕಪ್ಪ: ಶುರುವಾಯ್ತು. ಕೊರೊನಾ ಟೈಮಲ್ಲಿ ಬಿಸಿನೀರಿನ ಮೆಸೇಜ್ ಹಾಕಿದಾಗಲೂ ಎಲ್ಲರೆದುರು ಹೀಗೇ ಮಾನ ಕಳೆದೆ. ನಾನು ಮರೆತಿಲ್ಲ.

ಅನಿಲ: ಆ ಮೆಸೇಜೂ ಸುಳ್ಳೇ ಆಗಿತ್ತಲ್ಲ.

ದೊಡ್ಡಪ್ಪ: ಅನಿಲಾ, ಹಿರಿಯರ ಜೊತೆ ಮಾತಾಡೋ ರೀತಿ ಇದಲ್ಲ. ಅವನು ಅಕ್ಕನ ಮೇಲಿನ ಕಾಳಜಿಗೆ ಹಾಕಿದಾನೆ. ಅದಿರಲಿ, ಇರೋ ಜಾಗದಲ್ಲಿ ನೆಮ್ಮದಿಯಾಗಿರದೆ ಸಮುದ್ರದ ಮೇಲೆ ತಿಂದುಂಡು ತೇಲಾಡೋ ಆಸೆ ಯಾಕೆ? ನಮ್ಮ ಕಾಲದಲ್ಲಿ ಸಂಯಮ ಅಂತ ಒಂದಿತ್ತು.

ಗಿರಿಜತ್ತೆ: ಅಣ್ಣಾ, ಜೀವಮಾನವೆಲ್ಲ ಅಡುಗೆಮನೆ ನೋಡಿದೀನಿ. ಒಂದು ವಾರ ಬೇರೆಯವರು ಬಡಿಸಿದ್ದು ತಿಂದರೆ ಸಂಯಮ ಕೆಡುತ್ತಾ?

ವಿದ್ಯಾ: ಅತ್ತೆ, ಕ್ಯಾನ್ಸಲ್ ಮಾಡಬೇಡಿ. ಬಂದರಿನ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದೋಳಾಗಿ ಹೇಳ್ತೀನಿ. ಹಳದಿ ಬಾವುಟ ಈಗ ಹೇಳೋದು ಉಲ್ಟಾ: ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಬಂದರಿಗೆ ಸೇರಿಸಿಕೊಳ್ಳಿ ಅಂತ. ಹಿಂದೆ ಅದು ರೋಗದ ಗುರುತಾಗಿತ್ತು.

ರಮೇಶ ಚಿಕ್ಕಪ್ಪ: ನೋಡಿ, ರೋಗದ ಗುರುತು ಅಂತ ವಿದ್ಯಾನೇ ಒಪ್ಪಿದ್ಲು.

ಅನಿಲ: ಅವಳು ‘ಹಿಂದೆ’ ಅಂದಿದ್ದು, ಚಿಕ್ಕಪ್ಪ.

ವಿದ್ಯಾ: ನನಗೆ ಹೆದರಿಕೆ ಆಗೋದು ಸ್ಯಾನಿಟೈಸರ್ ಸಾಲಿಗೆ. ಹಡಗಿನ ವಾಂತಿಭೇದಿಗೆ ಹೆಚ್ಚಾಗಿ ಕಾರಣ ನೊರೊವೈರಸ್. ಅದು ಹತ್ತೋದು ಕೈಯಿಂದ, ಊಟದಿಂದ, ಬಾಗಿಲ ಹಿಡಿಯಿಂದ, ಯಾರೋ ವಾಂತಿ ಮಾಡಿದ ಜಾಗದಿಂದ. ತಗುಲಿದ 12ರಿಂದ 48 ಗಂಟೆಯೊಳಗೆ ಶುರುವಾಗುತ್ತೆ. ಸ್ಯಾನಿಟೈಸರಿಗೆ ಅದು ಅಷ್ಟಾಗಿ ಸಾಯಲ್ಲ. ಸೋಪು ಹಚ್ಚಿ, ನೀರಲ್ಲಿ ಚೆನ್ನಾಗಿ ತೊಳೀಬೇಕು.

ಅನಿಲ: ನಿನಗೂ ಒಂದು ಪ್ರಶ್ನೆ ವಿದ್ಯಾ. ಕಂಪನಿಗಳು ಮುಚ್ಚಿಡಲ್ಲ ಅಂತ ಏನು ಗ್ಯಾರಂಟಿ?

ವಿದ್ಯಾ: ಕೇಳಬೇಕಾದ ಪ್ರಶ್ನೆನೇ. ಬೇರೆ ದೇಶದಿಂದ ಬರೋ ಹಡಗಿನ ಕ್ಯಾಪ್ಟನ್ ಬಂದರು ಕೇಳಿದರೆ ಆರೋಗ್ಯ ಘೋಷಣೆ ಸಹಿ ಮಾಡಿ ಕೊಡಬೇಕು. ಯಾರಾದರೂ ಸತ್ತಿದ್ದಾರಾ, ಕಾಯಿಲೆ ಬಿದ್ದವರು ಮಾಮೂಲಿಗಿಂತ ಜಾಸ್ತಿ ಇದ್ದಾರಾ ಅಂತೆಲ್ಲ ಅದರಲ್ಲಿ ಕೇಳಿರುತ್ತೆ. ಅಮೆರಿಕದ ಬಂದರುಗಳಿಗೆ ಹೋಗೋ ಹಡಗಾದರೆ, ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ 3% ಜನಕ್ಕೆ ವಾಂತಿಭೇದಿ ಆದರೆ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಡಗಿನ ಹೆಸರು ಸಮೇತ ಪ್ರಕಟಿಸುತ್ತೆ. ಅವರು ಮಾಡೋ ಸ್ವಚ್ಛತೆ ತಪಾಸಣೆಗೆ 100ಕ್ಕೆ ಅಂಕ. 85 ಬಂದರೂ ಫೇಲು. ಅತ್ತೆ, ನಿಮ್ಮ ಹಡಗು ಅವರ ತಪಾಸಣೆ ಪಟ್ಟಿಯಲ್ಲಿದ್ದರೆ ಅಂಕ ನೋಡಿ ಹೇಳ್ತೀನಿ.

ಗಿರಿಜತ್ತೆ: ಕಾಯಿಲೆ ಬಿದ್ದರೆ ಕ್ಯಾಬಿನ್ನಲ್ಲೇ ಕೂಡಿಹಾಕ್ತಾರಂತೆ, ಹೌದಾ?

ಸುಧಾ: ಕೂಡಿಹಾಕೋದು ಅಂದ ಕೂಡಲೇ ನೆನಪಾಯ್ತು! ನಮಗೆಲ್ಲ ಒಟ್ಟಿಗೆ ಸೀತಾಳೆ ಸಿಡುಬು ಬಂದಾಗ ಅಜ್ಜಿ ಮಹಡಿ ಕೋಣೆಗೆ ಹಾಕಿ ಬಾಗಿಲು ಮುಂದೆ ಮಾಡಿದ್ರು. ಅಷ್ಟೂ ಜನಕ್ಕೆ ಒಂದೇ ಕೇರಂ ಬೋರ್ಡು. ಎಷ್ಟು ಚೆನ್ನಾಗಿತ್ತು ಆ ದಿನಗಳು.

ದೊಡ್ಡಪ್ಪ: ಚೆನ್ನಾಗಿತ್ತಂತೆ. ನನ್ನ ಮಗಳ ಮದುವೆ ಮುಗಿದು ಎರಡು ವಾರಕ್ಕೆ ಮನೆಗೆ ಮನೆಯೇ ಮಲಗಿತ್ತು. ಮದುವೆಗೆ ಅದನ್ನ ತಂದವರು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ರಮೇಶ ಚಿಕ್ಕಪ್ಪ: ಬಾಯಿ ಬಿಡೋದೇನು? ಗಿರಿಜಕ್ಕ ಮಗನ ಮೈಗೆ ಪೌಡರ್ ಬಳಿದು ಕರ್ಕೊಂಡು ಬಂದಿದ್ದು ಎಲ್ಲರಿಗೂ ಗೊತ್ತು.

ಗಿರಿಜತ್ತೆ: ಬೆವರುಸಾಲೆ ಅಂದ್ಕೊಂಡಿದ್ದೆ! ಬರದೇ ಇದ್ದಿದ್ರೆ ಅಣ್ಣನ ಮಗಳ ಮದುವೆಗೇ ಬರಲಿಲ್ಲ ಅಂತ ನೀವೇ ಸಾಯೋವರೆಗೂ ಆಡ್ಕೊಳ್ತಿದ್ರಿ.

ವಿದ್ಯಾ: ಅತ್ತೆ, ಬೇಜಾರು ಮಾಡ್ಕೋಬೇಡಿ, ಹಡಗಲ್ಲೂ ಆಗೋದು ಇದೇ. ಇಷ್ಟು ದುಡ್ಡು ಕೊಟ್ಟಿದೀವಿ, ಹೇಳಿದರೆ ಕ್ಯಾಬಿನ್ ಬಿಟ್ಟು ಬರಬೇಡಿ ಅಂತಾರೆ, ಮುಂದಿನ ಬಂದರಲ್ಲಿ ಇಳಿಯೋಕೆ ಬಿಡಲ್ಲ ಅಂತ ಜನ ಹೊಟ್ಟೆ ಕೆಟ್ಟಿದ್ದನ್ನ ಮುಚ್ಚಿಟ್ಟು ಊಟದ ಹಾಲಿಗೆ ಹೋಗ್ತಾರೆ. ವೈರಸ್ಸಿನ ತೀರಾ ಕೆಲವೇ ಕಣ ಸಾಕು ಇನ್ನೊಬ್ಬರಿಗೆ ಹತ್ತೋಕೆ. ಮೊದಲ ವಾಂತಿಗೇ ಹಡಗಿನ ಡಾಕ್ಟರಿಗೆ ಫೋನ್ ಮಾಡಿ. ಊಟ ಕ್ಯಾಬಿನ್ನಿಗೇ ಬರುತ್ತೆ, ಆ ಜಾಗವನ್ನ ಕ್ಲೋರಿನ್ ಹಾಕಿ ತೊಳೀತಾರೆ, ಬಫೆಯಲ್ಲಿ ಎಲ್ಲರೂ ಸೌಟು ಮುಟ್ಟೋದನ್ನ ನಿಲ್ಲಿಸಿ ಸಿಬ್ಬಂದಿಯೇ ಬಡಿಸ್ತಾರೆ. ಹುಷಾರಾದ ಮೇಲೂ ಮಲದಲ್ಲಿ ವೈರಸ್ ಎರಡು ವಾರ, ಇನ್ನೂ ಹೆಚ್ಚು ದಿನವೂ ಹೋಗ್ತಿರಬಹುದು. ಅದಕ್ಕೇ ಅಡುಗೆಯವರನ್ನ ಲಕ್ಷಣ ನಿಂತು 48 ಗಂಟೆ ಆಗೋವರೆಗೂ ಕೆಲಸಕ್ಕೆ ಸೇರಿಸಬಾರದು. ಆ ದಿನಗಳ ಸಂಬಳ ಹಿಡಿಯೋ ಹಾಗಿದ್ದರೆ ಅವರೂ ಮುಚ್ಚಿಡ್ತಾರೆ, ಪಾಪ.

ಅನಿಲ: 2020ರಲ್ಲಿ ಕೊರೊನಾ ಹಬ್ಬಿದ ಡೈಮಂಡ್ ಪ್ರಿನ್ಸೆಸ್ ಹಡಗು? ಅಲ್ಲಿ ಪ್ರಯಾಣಿಕರನ್ನ ಕ್ಯಾಬಿನ್ನಲ್ಲೇ ಇಟ್ಟಿದ್ರಲ್ಲ, ಏನು ಉಪಯೋಗ ಆಯ್ತು?

ವಿದ್ಯಾ: ಅದು ನೆನೆದರೆ ಈಗಲೂ ಸಂಕಟ ಆಗುತ್ತೆ. ಜಪಾನಿನ ಯೊಕೊಹಾಮಾ ಬಂದರಲ್ಲಿ ನಿಂತಿದ್ದ ಆ ಹಡಗಿನ 3,711 ಜನರಲ್ಲಿ 712 ಜನಕ್ಕೆ ಸೋಂಕು. ಮೊದಲ ರೋಗಿ ಹಾಂಕಾಂಗ್‌ನಲ್ಲಿ ಇಳಿದು ವಾರ ಕಳೆದ ಮೇಲೆ ವಿಷಯ ಗೊತ್ತಾಗಿದ್ದು. ಆಮೇಲೆ ಪ್ರಯಾಣಿಕರು ಕ್ಯಾಬಿನ್ನಲ್ಲಿ, ಆದರೆ ಸಿಬ್ಬಂದಿ ಊಟ ಹಂಚ್ತಾನೇ ಇದ್ರು. ಅದು ಉಸಿರಲ್ಲಿ ಹಬ್ಬೋ ಕಾಯಿಲೆ. ಹಡಗಿಗೇ ಬೀಗ ಹಾಕೋದು ಆರೈಕೆ ಅಲ್ಲ. ಪರೀಕ್ಷೆ, ಆಂಬುಲೆನ್ಸ್, ದಡದಲ್ಲಿ ಹಾಸಿಗೆ, ಇವನ್ನ ಸಿದ್ಧ ಇಟ್ಟುಕೊಂಡಿರೋ ಬಂದರು ಬೇಕು.

ಗಿರಿಜತ್ತೆ: ನಮ್ಮೋರಿಗೆ ಅಲ್ಲಿನ ಬಿಸಿನೀರಿನ ತೊಟ್ಟೀಲಿ ಕೂರೋ ಆಸೆ. ಪರವಾಗಿಲ್ವಾ?

ವಿದ್ಯಾ: ಮಾವನಿಗೆ ಶ್ವಾಸಕೋಶದ ತೊಂದರೆ ಇದೆಯಲ್ಲ, ಬೇಡ. ಕ್ಲೋರಿನ್ ಸರಿಯಾಗಿ ಹಾಕದ ತೊಟ್ಟಿಯ ಹನಿಗಳಲ್ಲಿ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಇರಬಹುದು, ನ್ಯುಮೋನಿಯ ಬರುತ್ತೆ. 1994ರಲ್ಲಿ ಒಂದೇ ಹಡಗಿನ ತೊಟ್ಟಿಯಿಂದ 50 ಜನ ಕಾಯಿಲೆ ಬಿದ್ದರು.

ವಿದ್ಯಾ: ಚಿಕ್ಕಪ್ಪ, ಆ ಮೆಸೇಜನ್ನ ಇನ್ನೂ ಯಾರಿಗೆ ಕಳಿಸಿದ್ರಿ?

ರಮೇಶ ಚಿಕ್ಕಪ್ಪ: ವಾಕಿಂಗ್ ಗ್ರೂಪು, ಹಳೇ ಆಫೀಸಿನ ಗ್ರೂಪು. ಯಾಕೆ?

ವಿದ್ಯಾ: ಸ್ಯಾನಿಟೈಸರ್ ಸಾಲದು, ಸೋಪಲ್ಲೇ ಕೈ ತೊಳೀಬೇಕು, ಹೊಟ್ಟೆ ಕೆಟ್ಟರೆ ತಕ್ಷಣ ಡಾಕ್ಟರಿಗೆ ಹೇಳಬೇಕು ಅಂತ ಅಲ್ಲೂ ಹಾಕಿಬಿಡಿ. ದಯವಿಟ್ಟು, ಇವತ್ತೇ.

ರಮೇಶ ಚಿಕ್ಕಪ್ಪ: ಹಾಕ್ತೀನಮ್ಮ. ನೀನು ಹೇಳಿದ್ದಕ್ಕೆ ಹಾಕ್ತಿರೋದು. ಅನಿಲ ಹೇಳಿದ್ದಕ್ಕಲ್ಲ.