ಪದ ಬೇಕು: ‘ಫೆಲ್ಡ್‌ಪೋಸ್ಟ್‌ಔಸ್‌ಗಾಬೆ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆಯೊಳಗೆ ಒಂದು ಪದ ಬೇಕು.

ಹಳೆಯ ಅಚ್ಚಿನ ಪುಸ್ತಕಗಳ ಒಂದು ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ಅದರಲ್ಲಿ ಒಂದು ಜರ್ಮನ್ ಪುಸ್ತಕವೂ ಇದೆ. ಪಕ್ಕದಲ್ಲಿಡುವ ಚೀಟಿ ಪೂರ್ತಿ ಕನ್ನಡದಲ್ಲೇ ಇರಬೇಕು ಅಂತ ನಮ್ಮ ಹಟ. ಪುಸ್ತಕ ಕೊಟ್ಟವರ ಅಜ್ಜ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರ್ ದಳದಲ್ಲಿದ್ದರು. 1944ರಲ್ಲಿ ಇಟಲಿಯಿಂದ ತಂದದ್ದಂತೆ.

ಅಂಗೈಯಗಲದ ಪುಸ್ತಕ. ರಟ್ಟಿಲ್ಲ, ಬರೀ ಕಾಗದದ ಹೊದಿಕೆ. ಎರಡು ಪಿನ್ನು ಹೊಡೆದು ಸೇರಿಸಿದ್ದಾರೆ. ಪಿನ್ನಿನ ತುಕ್ಕು ನಡುಹಾಳೆಗೆ ಇಳಿದಿದೆ. ಪುಟ ತಿರುವಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಒಳಗೆ ಸಣ್ಣ ಕತೆಗಳು, ಹಳೆಯ ಗೋಥಿಕ್ ಅಕ್ಷರದಲ್ಲಿ. ಊರು ಗ್ಯೂಟರ್ಸ್‌ಲೋ, ವರ್ಷ 1942. ಹೆಸರಿನ ಪುಟದ ಹಿಂದೆ ‘ಫೆಲ್ಡ್‌ಪೋಸ್ಟ್‌ಔಸ್‌ಗಾಬೆ’ ಅಂತಿದೆ. ಅಂದರೆ ಯುದ್ಧಕ್ಕೆ ಹೋದ ಸೈನಿಕರಿಗೆ ಸೇನೆಯ ಅಂಚೆಯಲ್ಲಿ ಕಳಿಸಲೆಂದು ಅಚ್ಚು ಮಾಡಿದ ಆವೃತ್ತಿ. ಆ ಪದದ ಕೆಳಗೆ 21ರಿಂದ 40 ಅಂತ ಅಂಕಿ, ಪಕ್ಕದಲ್ಲಿ ‘ಟೌಸೆಂಡ್’. ಹೊದಿಕೆಯ ಒಳಗೆ ಪೆನ್ಸಿಲ್‌ನಲ್ಲಿ ಎಲ್ ಅಕ್ಷರ, ಮುಂದೆ ಐದು ಅಂಕಿ.

ನನ್ನ ಕೈಗೆ ಸದ್ಯ ಸಿಕ್ಕಿರುವುದು ‘ರಣರಂಗ ಅಂಚೆ ಆವೃತ್ತಿ’. ಬಾಯಲ್ಲಿ ಹೇಳಿ ನೋಡಿದೆ, ಕೂರುತ್ತಿಲ್ಲ. ಇನ್ನೊಂದು ಮಾತು. ಪುಸ್ತಕ ಕೊಟ್ಟವರು ಚೀಟಿಯಲ್ಲಿ ‘ಅತಿ ವಿರಳ’ ಅಂತ ಹಾಕಿ ಅನ್ನುತ್ತಿದ್ದಾರೆ. ಹಾಕಬಹುದಾ? ಗೋಥಿಕ್ ಅಕ್ಷರವನ್ನು 1941ರಲ್ಲೇ ನಿಲ್ಲಿಸಿದ್ದರು, ಹಾಗಾಗಿ ಇದು ನಕಲಿ ಇರಬಹುದು ಅಂತಲೂ ಒಬ್ಬರು ಹೆದರಿಸಿದ್ದಾರೆ.

ಮರು (ಶಿವಮೊಗ್ಗದಿಂದ)

ರಣರಂಗ ಸಂಸ್ಕೃತ, ಆವೃತ್ತಿ ಸಂಸ್ಕೃತ. ಮೂರು ಪದದಲ್ಲಿ ಕನ್ನಡ ಉಳಿದಿರುವುದು ಅಂಚೆ ಒಂದೇ. ನಮ್ಮಲ್ಲಿ ಕೊಳುಗುಳ ಅನ್ನುವ ಗಟ್ಟಿ ಪದ ಇದೆ. ಕುಮಾರವ್ಯಾಸನಲ್ಲಿ ಬೇಕಾದಷ್ಟು ಕಡೆ ಬರುತ್ತದೆ. ‘ಕೊಳುಗುಳದಂಚೆ ಹೊತ್ತಗೆ’ ಅನ್ನಿ. ಓದುವವರಿಗೆ ಮೊದಲು ಹೊಸದೆನಿಸುತ್ತದೆ, ನಾಲ್ಕು ಸಲ ಓದಿದರೆ ತಮ್ಮದೇ ಆಗುತ್ತದೆ. ಬಳಸದೆ ಇದ್ದರೆ ಪದ ಸಾಯುತ್ತದೆ, ಅಲ್ವಾ?

ಅಂಚೆ ಪದ ಎಷ್ಟು ಚೆಲುವಾದದ್ದು ನೋಡಿ. ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದು ಹಂಸವೇ. ಅಲ್ಲಿಂದಲೇ ಓಲೆ ಒಯ್ಯುವ ಏರ್ಪಾಟಿಗೆ ಆ ಹೆಸರು ಬಂತು.

ಮರು (ಧಾರವಾಡದಿಂದ)

ಇದು ತಪ್ಪು. ಹಂಸದ ಅಂಚೆ ಬೇರೆ, ಓಲೆಯ ಅಂಚೆ ಬೇರೆ. ತಮಿಳಿನಲ್ಲಿ ಓಲೆಯದು ಅಂಜಲ್, ತಿರುವಾಂಕೂರಿನವರದು ಅಂಚಲ್. ಅದೇ ತಮಿಳಿನಲ್ಲಿ ಹಂಸಕ್ಕೆ ಅನ್ನಮ್. ಹಕ್ಕಿಯಿಂದಲೇ ಬಂದದ್ದಾದರೆ ಈ ಎರಡು ಅಲ್ಲಿ ಯಾಕೆ ಇಷ್ಟು ದೂರ ನಿಂತಿವೆ? ಚಿಕ್ಕದೇವರಾಜ ಒಡೆಯರ ಕಾಲದ ಅಂಚೆಯಲ್ಲಿ ಓಡಿದ್ದು ಮನುಷ್ಯರು. ಕಿವಿಗೆ ಹಿತವಾಗಿದ್ದ ಮಾತ್ರಕ್ಕೆ ಅದು ವ್ಯುತ್ಪತ್ತಿ ಆಗುವುದಿಲ್ಲ.

‘ಹೊತ್ತಗೆ’ ಅಚ್ಚಗನ್ನಡ ಅನ್ನುವುದನ್ನೂ ಬಿಡಿ. ಅದು ಪುಸ್ತಕದ ತದ್ಭವ. ನಮ್ಮ ಕಡೆ ಅಂಚೆ ಅನ್ನುವವರಿಗಿಂತ ಟಪಾಲು ಅನ್ನುವವರೇ ಜಾಸ್ತಿ. ಟಪಾಲು ಬೇಡ ಅಂತ ಯಾರು ತೀರ್ಮಾನ ಮಾಡಿದರು?

ಮರು (ಮಡಿಕೇರಿಯಿಂದ)

ಇಬ್ಬರೂ ದಯವಿಟ್ಟು ನಿಲ್ಲಿಸಿ. ಪಾಪ, ಅವರಿಗೆ ಗುರುವಾರಕ್ಕೆ ಚೀಟಿ ಬೇಕು.

ನಮ್ಮ ಮನೆಯಲ್ಲಿ ಮೂರು ತಲೆಮಾರು ಸೇನೆಯಲ್ಲಿದ್ದಾರೆ. ಅವರಿಗೆ ಕಾಗದ ಬರೆಯುವಾಗ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ನಂಬರು, ಹೆಸರು, ಘಟಕ, ಕೊನೆಗೆ ‘56 ಎಪಿಒ’ ಅಥವಾ ‘99 ಎಪಿಒ’, ಅಂದರೆ ಸೇನೆಯ ಅಂಚೆ ಕಚೇರಿಯ ಸಂಖ್ಯೆ. ಅವರು ಹಿಮದಲ್ಲಿದ್ದಾರೋ ಮರಳಲ್ಲಿದ್ದಾರೋ ನಮಗೆ ಗೊತ್ತಾಗುತ್ತಿರಲಿಲ್ಲ, ಕಾಗದ ಮಾತ್ರ ಹೋಗಿ ಮುಟ್ಟುತ್ತಿತ್ತು. ಇದಕ್ಕೆ ನಾವು ‘ಮಿಲಿಟರಿ ಅಂಚೆ’ ಅಂತಲೇ ಅನ್ನುತ್ತಿದ್ದೆವು. ಕೊಳುಗುಳ ಅಂದರೆ ಹೊಡೆದಾಟ ನಡೆಯುವ ಜಾಗ. ಕಾಗದ ಬರುವುದು ಅಲ್ಲಿಗಲ್ಲ, ಸೈನಿಕ ಬೀಡುಬಿಟ್ಟಿರುವ ಜಾಗಕ್ಕೆ. ರಣರಂಗವೂ ಅದಕ್ಕೇ ಕೂರುತ್ತಿಲ್ಲ.

ಹಳೆಯ ಮಾತೇ ಬೇಕಾದರೆ ‘ದಂಡು’ ಇದೆ. ‘ದಂಡಿಗೆ ಹೋದ’ ಅಂದರೆ ಯಾವ ಹಳ್ಳಿಯಲ್ಲೂ ಅರ್ಥ ಕೇಳುವುದಿಲ್ಲ. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಫಲಕದಲ್ಲೂ ‘ಬೆಂಗಳೂರು ದಂಡು’ ಅಂತಲೇ ಇತ್ತು. ‘ದಂಡಿನ ಅಂಚೆ’ ಅನ್ನಿ. ಹಾದಿಯಲ್ಲಿರುವ ಸೈನಿಕನಿಗೂ ಒಪ್ಪುತ್ತದೆ, ಠಾಣೆಯಲ್ಲಿರುವವನಿಗೂ ಒಪ್ಪುತ್ತದೆ.

ಮರು (ಬೆಂಗಳೂರಿನಿಂದ)

ಮೇಡಂ ಹೇಳಿದ ‘ದಂಡಿನ ಅಂಚೆ’ಗೆ ನನ್ನ ಓಟು. ಹಳೆಯ ಜರ್ಮನ್ ಪುಸ್ತಕಗಳನ್ನು ಕೂಡಿಡುವವನು ನಾನು. ಹಾಗಾಗಿ ಉಳಿದದ್ದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಕಲಿ ಅಲ್ಲ. ಗೋಥಿಕ್ ಅಕ್ಷರ ಬೇಡವೆಂದು ನಾತ್ಸಿ ಪಕ್ಷದ ಮುಖಂಡ ಬೋರ್ಮನ್ ಸಹಿ ಹಾಕಿದ ಸುತ್ತೋಲೆ ಹೊರಟದ್ದು 1941ರ ಜನವರಿ 3ರಂದು. ಆದರೆ ಅಚ್ಚುಮೊಳೆ ರಾತ್ರೋರಾತ್ರಿ ಬದಲಾಗುತ್ತದಾ? ಹೊಸ ಮೊಳೆ ಎರಕ ಹೊಯ್ಯಲು ಲೋಹ ಬೇಕು, ಯುದ್ಧದ ನಡುವೆ ಲೋಹ ಎಲ್ಲಿ? ಮೊದಲೇ ಜೋಡಿಸಿಟ್ಟ ಪುಟಗಳಿಂದ ಎಷ್ಟೋ ಪುಸ್ತಕಗಳು ಆಮೇಲೂ ಅಚ್ಚಾದವು. ಅಕ್ಷರ ನೋಡಿ ವರ್ಷ ಕಟ್ಟಬೇಡಿ.

ಗ್ಯೂಟರ್ಸ್‌ಲೋ ಅಂದರೆ ಹೆಚ್ಚುಕಡಿಮೆ ಬೆರ್ಟೆಲ್ಸ್‌ಮನ್. ಪ್ರಕಾಶಕರ ಹೆಸರು ಒಮ್ಮೆ ನೋಡಿ ಖಚಿತ ಮಾಡಿಕೊಳ್ಳಿ. 1835ರಲ್ಲಿ ಧಾರ್ಮಿಕ ಪುಸ್ತಕಗಳಿಂದ ಶುರುವಾದ ಮನೆ ಅದು. ಯುದ್ಧದಲ್ಲಿ ಜರ್ಮನ್ ಸೇನೆಗೆ ಎಲ್ಲರಿಗಿಂತ ಹೆಚ್ಚು ಪುಸ್ತಕ ಕೊಟ್ಟದ್ದು ಅವರೇ, ಸುಮಾರು 1 ಕೋಟಿ 90 ಲಕ್ಷ ಪ್ರತಿ. ಸೈನಿಕನ ಜೇಬಿಗೆ ಹಿಡಿಯಬೇಕು, ಮನೆಯವರು ಲಕೋಟೆಯಲ್ಲಿಟ್ಟು ಕಳಿಸಲು ಹಗುರ ಇರಬೇಕು. ಅದಕ್ಕೇ ರಟ್ಟಿಲ್ಲ, ಅದಕ್ಕೇ ಪಿನ್ನು.

‘ಟೌಸೆಂಡ್’ ಅಂದರೆ ಸಾವಿರ. 21ನೇ ಸಾವಿರದಿಂದ 40ನೇ ಸಾವಿರದವರೆಗಿನ ಪ್ರತಿಗಳು ಈ ಮುದ್ರಣದಲ್ಲಿ ಬಂದವು ಅಂತ. ಅಂದರೆ ಇದೊಂದರಲ್ಲೇ 20,000. ನಮ್ಮ ಪುಸ್ತಕಗಳಲ್ಲಿ ‘ಪ್ರತಿಗಳು: 1000’ ಅಂತ ಹಾಕುತ್ತಾರಲ್ಲ, ಅದರ ಅಣ್ಣ ಇದು. ಇಷ್ಟು ಅಚ್ಚಾದದ್ದನ್ನು ‘ಅತಿ ವಿರಳ’ ಅನ್ನುವುದು ಸುಳ್ಳು. ಲೈಪ್‌ಜಿಗ್‌ನಲ್ಲಿ ಅಚ್ಚಾದದ್ದಾಗಿದ್ದರೆ ಮಾತು ಬೇರೆ ಇರಬಹುದಿತ್ತು. 1943ರ ಡಿಸೆಂಬರ್ 4ರ ಬಾಂಬ್ ದಾಳಿಯಲ್ಲಿ ಅಲ್ಲಿನ ಪ್ರಕಾಶಕರ ಗೋದಾಮುಗಳು ಕೋಟಿಗಟ್ಟಲೆ ಪುಸ್ತಕದ ಜೊತೆ ಸುಟ್ಟುಹೋದವು. ಯುದ್ಧ ಮುಗಿದ ಮೇಲೆ, 1946ರ ಮೇನಲ್ಲಿ, ಜರ್ಮನಿಯನ್ನು ಗೆದ್ದ ನಾಲ್ಕು ದೇಶಗಳ ನಿಯಂತ್ರಣ ಮಂಡಳಿ ನಾತ್ಸಿ ಮತ್ತು ಯುದ್ಧ ಹೊಗಳುವ ಪುಸ್ತಕಗಳನ್ನು ತೆಗೆಸಿಹಾಕಲು ಆದೇಶಿಸಿತು. ನಿಮ್ಮದು ಸಾದಾ ಕತೆಯಾದರೆ ಆ ಆದೇಶದ ಮಾತೂ ಬರುವುದಿಲ್ಲ.

ಆದರೆ ಆ ಪೆನ್ಸಿಲ್ ಗುರುತನ್ನು ಬಿಡಬೇಡಿ. ಐದಂಕಿ ಅಂದರೆ ದಂಡಿನ ಅಂಚೆ ಸಂಖ್ಯೆ, ಮೇಡಂ ಹೇಳಿದ 56 ಎಪಿಒ ಥರದ್ದೇ. ಅಂಕಿಗಳಿಗೆ ಮೊದಲು ಎಲ್ ಇದ್ದರೆ ವಾಯುಪಡೆ. ಜರ್ಮನ್ನರಲ್ಲಿ ಪ್ಯಾರಾಶೂಟ್ ಸೈನಿಕರೂ ವಾಯುಪಡೆಗೇ ಸೇರಿದವರು. 1944ರಲ್ಲಿ ಇಟಲಿಯ ಕಸಿನೋ ಕಾಳಗದಲ್ಲಿ ಭಾರತದ ನಾಲ್ಕನೇ ಡಿವಿಷನ್ನಿನ ಎದುರು ನಿಂತದ್ದು ಅವರೇ. ಈ ಪುಸ್ತಕ ಅಲ್ಲಿಯದೇ ಅಂತ ನಾನು ಹೇಳುತ್ತಿಲ್ಲ. ಆ ಸಂಖ್ಯೆ ಹಿಡಿದು ಹುಡುಕಿದರೆ ಯಾವ ಘಟಕ ಅಂತ ತಿಳಿಯುವ ದಾರಿ ಇದೆ.

ಹಾಗಾಗಿ ‘ವಿರಳ’ ಬೇಡ, ‘ಅಪರೂಪ’ ಹಾಕಿ. ವಿರಳ ಅಂದರೆ ಲೆಕ್ಕದಲ್ಲಿ ಕಡಿಮೆ. ಅಪರೂಪ ಅಂದರೆ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ‘ಅಪರೂಪಕ್ಕೆ ಬಂದಿರಿ’ ಅನ್ನುತ್ತೇವೆ, ‘ವಿರಳಕ್ಕೆ ಬಂದಿರಿ’ ಅನ್ನುವುದಿಲ್ಲ.

ಔಸ್‌ಗಾಬೆಗೆ ‘ಆವೃತ್ತಿ’, ಔಫ್ಲಾಗೆಗೆ ‘ಮುದ್ರಣ’. ನಮ್ಮವರು ಎರಡನ್ನೂ ಕಲಸುತ್ತಾರೆ. ಚೀಟಿಯಲ್ಲಾದರೂ ಕಲಸಬೇಡಿ.

ಮರು (ಶಿವಮೊಗ್ಗದಿಂದ)

ದಂಡು ಕೂಡ ಸಂಸ್ಕೃತದ ದಂಡದಿಂದ ಬಂದದ್ದು. ‘ಅಪರೂಪ’ಕ್ಕೆ ಸಂಸ್ಕೃತದಲ್ಲಿ ವಿಕಾರ ಅಂತ ಅರ್ಥ. ಎರವಲು ತಂದ ಪದ ಎರವಲೇ. ಜರ್ಮನ್ನರನ್ನು ನೋಡಿ ಕಲಿಯಿರಿ. ಅವರ ಅಂಚೆ ಇಲಾಖೆಯ ಮುಖ್ಯಸ್ಥ ಹೈನ್‌ರಿಶ್ ಫಾನ್ ಸ್ಟೆಫಾನ್ 1870ರ ದಶಕದಲ್ಲಿ ನೂರಾರು ಫ್ರೆಂಚ್ ಪದ ಕಿತ್ತುಹಾಕಿ ಜರ್ಮನ್ ಪದ ಕೂರಿಸಿದ. ಜನ ಒಪ್ಪಿಕೊಂಡರು. ನಾವು ಮಾತ್ರ ಪ್ರಯತ್ನಕ್ಕೆ ಮೊದಲೇ ಸೋಲುತ್ತೇವೆ. ನನಗೆ ಇದು ನಿಜವಾಗಿ ನೋವಿನ ಮಾತು.

ಮರು (ಧಾರವಾಡದಿಂದ)

ಅದೇ ಸ್ಟೆಫಾನ್ ‘ಪೋಸ್ಟ್’ ಪದವನ್ನು ಮುಟ್ಟಲಿಲ್ಲ. ಅದು ಇಟಲಿಯ ‘ಪೋಸ್ತ’ದಿಂದ ಬಂದದ್ದು. ಫೆಲ್ಡ್ ಅವರದು, ಪೋಸ್ಟ್ ಎರವಲು. ಎರಡು ಸೇರಿದ್ದಕ್ಕೆ ಯಾವ ಜರ್ಮನ್ ಸೈನಿಕನ ಬಾಯೂ ಕಹಿಯಾಗಲಿಲ್ಲ. ದಂಡಿಗೆ ನಮ್ಮ ನಾಲಿಗೆಯ ಉಕಾರ ಅಂಟಿ, ನಮ್ಮ ವಿಭಕ್ತಿ ಸೇರಿ ಎಷ್ಟು ಕಾಲವಾಯಿತು. ಇನ್ನೂ ಅದರ ಜಾತಕ ಯಾಕೆ?

ಮರು (ಮೈಸೂರಿನಿಂದ)

ಎಲ್ಲರಿಗೂ ಧನ್ಯವಾದ. ಪ್ರಕಾಶಕರ ಹೆಸರು ನೋಡಿದೆ, ಬೆರ್ಟೆಲ್ಸ್‌ಮನ್ ಅಂತಲೇ ಇದೆ. ಶಿವಮೊಗ್ಗದ ಸರ್, ಕೊಳುಗುಳ ಪದ ನನಗೂ ಇಷ್ಟ. ಆದರೆ ಇಲ್ಲಿ ಸೈನಿಕ ಜಗಳದ ನಡುವೆ ಓದುತ್ತಿಲ್ಲ, ಬಿಡುವಿನಲ್ಲಿ ಓದುತ್ತಿದ್ದಾನೆ. ಆ ಬಿಡುವು ಪದದಲ್ಲಿ ಕಾಣಬೇಕು. ಅದಕ್ಕೇ ‘ದಂಡಿನ ಅಂಚೆ ಆವೃತ್ತಿ’ ಅಂತಲೇ ಹಾಕುತ್ತಿದ್ದೇನೆ.

‘ವಿರಳ’ ತೆಗೆಯುತ್ತೇನೆ ಅಂದಾಗ ಪುಸ್ತಕ ಕೊಟ್ಟವರ ಮುಖ ಸಣ್ಣದಾಯಿತು. ಪೆನ್ಸಿಲ್ ಸಂಖ್ಯೆಯ ವಿಷಯ ಹೇಳಿದೆ. ಅಜ್ಜ ಆ ಪುಟವನ್ನೇ ತೆರೆದು ತೋರಿಸುತ್ತಿದ್ದರಂತೆ, ಏನೂ ಹೇಳುತ್ತಿರಲಿಲ್ಲವಂತೆ. ಹಾಗಾಗಿ ಗಾಜಿನ ಪೆಟ್ಟಿಗೆಯಲ್ಲಿ ಹೆಸರಿನ ಪುಟ ಬೇಡ, ಆ ಪುಟವನ್ನೇ ತೆರೆದಿಡುತ್ತಿದ್ದೇವೆ. ‘ಅಪರೂಪ’ವನ್ನೂ ಹಾಕುತ್ತಿಲ್ಲ. ನೋಡಿದವರೇ ಹೇಳಲಿ.

ಚೀಟಿ ಹೀಗಿದೆ, ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ:

‘ಸಣ್ಣ ಕತೆಗಳು. ಜರ್ಮನ್ ಭಾಷೆ. ಬೆರ್ಟೆಲ್ಸ್‌ಮನ್, ಗ್ಯೂಟರ್ಸ್‌ಲೋ, 1942. ದಂಡಿನ ಅಂಚೆ ಆವೃತ್ತಿ, 21–40ನೇ ಸಾವಿರ. ಒಳಗೆ ಜರ್ಮನ್ ವಾಯುಪಡೆಯ ಒಂದು ಘಟಕದ ಅಂಚೆ ಸಂಖ್ಯೆ, ಪೆನ್ಸಿಲ್ ಬರಹ. ಇಟಲಿಯಿಂದ ಮದ್ರಾಸ್ ಸ್ಯಾಪರ್ಸ್‌ನ ಸೈನಿಕರೊಬ್ಬರು 1944ರಲ್ಲಿ ತಂದದ್ದು.’

‘21–40ನೇ ಸಾವಿರ’ ಅಂದರೆ ಓದುವವರಿಗೆ ಬೆಲೆ ಅನಿಸೀತಾ? ‘ಸಾವಿರದ ಪ್ರತಿಗಳು’ ಅಂತ ಸೇರಿಸಲಾ? ಇದೊಂದಕ್ಕೆ ಮಾತ್ರ ಉತ್ತರ ಬೇಕು. ಹಂಸದ ಚರ್ಚೆಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ.