‘ರಿಮೋಟ್’, ‘ಲೋಕಲ್’: ಆ ಕಡೆ, ಈ ಕಡೆ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಪುಸ್ತಕಗಳನ್ನು ಟೈಪ್ ಮಾಡಿ ಸರ್ವರ್‌ಗೆ ಸೇರಿಸುವ ಕೆಲಸ ನಮ್ಮದು. ಹೊಸಬರಿಗೆ ಅಂತ ಎಸ್‌ಎಫ್‌ಟಿಪಿ (ನಮ್ಮ ಕಂಪ್ಯೂಟರ್ ಮತ್ತು ಸರ್ವರ್ ನಡುವೆ ಫೈಲ್ ಸಾಗಿಸುವ ಸುರಕ್ಷಿತ ವಿಧಾನ) ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದಿದ್ದೆ. ‘ಸರ್ವರ್ ಒಳಗೆ ಬನ್ನಿ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ, ಗಾಬರಿ ಬೇಡ. ಫೈಲ್ ತರಲು ಗೆಟ್, ಇಡಲು ಪುಟ್.’

ಇದನ್ನು ಓದಿದ ಗೆಳತಿಯೊಬ್ಬರು, ಎರಡು ದಿನ ಕೂತು ತಿದ್ದಿದ್ದ ಫೈಲ್ ಕಳಿಸಲು ಗೆಟ್ ಹೊಡೆದರು. ಸರ್ವರ್‌ನಲ್ಲಿದ್ದ ಹಳೆಯ ಫೈಲ್ ಇಳಿದು ಬಂದು, ಅದೇ ಹೆಸರಿನ ಹೊಸದನ್ನು ಅಳಿಸಿಹಾಕಿತು. ಎಸ್‌ಎಫ್‌ಟಿಪಿ ಇಂಥ ಕಡೆ ಒಂದು ಮಾತೂ ಕೇಳುವುದಿಲ್ಲ. ತಪ್ಪು ಅವರದಲ್ಲ, ನನ್ನ ಮಾತಿನದು. ‘ಒಳಗೆ ಬನ್ನಿ’ ಅಂದಮೇಲೆ ‘ತನ್ನಿ’ ಅಂದರೆ, ಬರುವಾಗ ಜೊತೆಗೆ ತನ್ನಿ ಅಂತಲೇ ಅರ್ಥ, ಅಲ್ವಾ? ತರು, ಬರು, ಹೋಗು ಎಲ್ಲವೂ ಮಾತಾಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ನಿಂತಿವೆ.

ನಿಜ ಹೇಳಬೇಕೆಂದರೆ ಇಲ್ಲಿ ನಾವು ಎಲ್ಲಿಗೂ ಹೋಗುವುದಿಲ್ಲ. 1971ರಲ್ಲಿ ಅಭಯ್ ಭೂಷಣ್ ಅವರು ಆರ್‌ಎಫ್‌ಸಿ 114 ಅನ್ನುವ ತಾಂತ್ರಿಕ ದಾಖಲೆಯಲ್ಲಿ ಎಫ್‌ಟಿಪಿಯನ್ನು (ಫೈಲ್ ಸಾಗಿಸುವ ಹಳೆಯ ವಿಧಾನ) ವಿವರಿಸಿದಾಗಲೇ, ಬೇರೆ ಕಂಪ್ಯೂಟರ್ ನಡೆಸುವ ರೀತಿ ಗೊತ್ತಿಲ್ಲದಿದ್ದರೂ ಅಲ್ಲಿನ ಫೈಲ್ ಸಿಗಬೇಕು ಅನ್ನುವುದು ಉದ್ದೇಶವಾಗಿತ್ತು. ಲಾಗಿನ್ ಆದಮೇಲೂ ನಮ್ಮ ಒಂದು ಕೈ ಇಲ್ಲಿ, ಒಂದು ಕೈ ಅಲ್ಲಿ. ಸಿಡಿ ಅನ್ನುವ ಆಜ್ಞೆ ಹೊಡೆದರೆ ಅಲ್ಲಿನ ಫೋಲ್ಡರ್ ಬದಲಾಗುತ್ತದೆ, ಎಲ್‌ಸಿಡಿ ಹೊಡೆದರೆ ಇಲ್ಲಿನದು.

ಹಾಗಾಗಿ ‘ಒಳಗೆ ಬನ್ನಿ’ ತೆಗೆದು ಸುಮ್ನೆ ‘ಲಾಗಿನ್ ಆಗಿ’ ಅಂತ ಬರೆದೆ. ಗೆಟ್‌ಗೆ ‘ಇಳಿಸಿಕೊಳ್ಳಿ’, ಪುಟ್‌ಗೆ ‘ಏರಿಸಿ’. ಇವು ಹೇಗೂ ಬಳಕೆಯಲ್ಲಿವೆ. ಯಾರು ಎಲ್ಲಿ ನಿಂತು ಹೇಳಿದರೂ ದಿಕ್ಕು ತಪ್ಪುವುದಿಲ್ಲ.

ನನಗೆ ಸಿಕ್ಕು ಬಿದ್ದಿರುವುದು ರಿಮೋಟ್ (ಸರ್ವರ್ ಇರುವ ಕಡೆ), ಲೋಕಲ್ (ನಾವು ಕೂತಿರುವ ಕಡೆ) ಎರಡಕ್ಕೂ ಕನ್ನಡ ಪದ ಹುಡುಕುವಲ್ಲಿ. ‘ದೂರದ ಗಣಕ’ ಒಪ್ಪಲಾರೆ. ನಮ್ಮ ಸರ್ವರ್ ಪಕ್ಕದ ಕೋಣೆಯಲ್ಲೇ ಇದೆ, ಆದರೂ ಅದು ರಿಮೋಟ್. ‘ದೂರಸ್ಥ’, ‘ಸ್ಥಳೀಯ’ ಅಂದರೆ ಹೊಸಬರು ಅಲ್ಲೇ ನಿಂತುಬಿಡುತ್ತಾರೆ. ಹೊಳೆಯ ಆಚೆ ದಡ, ಈಚೆ ದಡ ಅನ್ನುತ್ತೇವಲ್ಲ, ಹಾಗೆ ‘ಆಚೆ ಗಣಕ’, ‘ಈಚೆ ಗಣಕ’ ಅನ್ನೋಣ ಅಂದುಕೊಂಡೆ. ಎರಡು ಪದ ಜೋಡಿಯಾಗಿ ಬಂದರೆ ನೆನಪಿನಲ್ಲಿ ಉಳಿಯುತ್ತದೆ. ಆದರೆ ಮೈಸೂರು, ಬೆಂಗಳೂರು ಕಡೆ ‘ಆಚೆ’ ಅಂದರೆ ಹೊರಗೆ ಅಂತಲೂ ಅರ್ಥ. ‘ಆಚೆ ಬನ್ನಿ’ ಅಂದರೆ ಲಾಗೌಟ್ ಮಾಡಿಬಿಟ್ಟಾರು!

ಸದ್ಯಕ್ಕೆ ‘ಆ ಕಡೆ ಗಣಕ’, ‘ಈ ಕಡೆ ಗಣಕ’ ಅಂತ ಬರೆದಿದ್ದೇನೆ. ಓದಲು ಸ್ವಲ್ಪ ಉದ್ದ, ಆದರೆ ಕೇಳಿದವರು ಯಾರೂ ಇನ್ನೊಮ್ಮೆ ಕೇಳಲಿಲ್ಲ. ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಆಚೆ’ ಅಂದರೆ ಮೊದಲು ಏನು ಹೊಳೆಯುತ್ತದೆ, ಹೊರಗೆ ಅಂತಲೋ, ಆ ಬದಿ ಅಂತಲೋ?