ಡ್ಯೂಮಾಂಟ್ ಟಿವಿ ಮುಚ್ಚಿಹೋಗಿದ್ದು ಕಾರ್ಯಕ್ರಮ ಚೆನ್ನಾಗಿರಲಿಲ್ಲ ಅಂತಲೇ?

ಮೇಘನಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟೆಲಿವಿಷನ್ ಚರಿತ್ರೆ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಎನ್‌ಬಿಸಿ, ಸಿಬಿಎಸ್, ಎಬಿಸಿ ಬಗ್ಗೆ ಬೇಕಾದಷ್ಟು ಸಿಗುತ್ತೆ. ಅದೇ ಕಾಲದಲ್ಲಿ ಡ್ಯೂಮಾಂಟ್ ಅನ್ನೋ ನಾಲ್ಕನೇ ನೆಟ್‌ವರ್ಕ್ ಇತ್ತು, 1946ರಲ್ಲಿ ಶುರುವಾಗಿ 1956ರಲ್ಲಿ ಮುಗಿದುಹೋಯ್ತು. ನನ್ನ ಹತ್ತಿರ ಇರೋ ಟಿಪ್ಪಣಿಯಲ್ಲಿ ಅದಕ್ಕೆ ಒಂದೇ ಸಾಲು: ಜನಪ್ರಿಯ ಕಾರ್ಯಕ್ರಮಗಳಿಲ್ಲದೆ ಸೋತಿತು. ಆದ್ರೆ ಹಾಸ್ಯನಟ ಜಾಕಿ ಗ್ಲೀಸನ್ ಹೆಸರು ಮಾಡಿದ್ದೇ ಅಲ್ಲಿ ಅಂತಲೂ ಓದಿದೆ. ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ. ಗೊತ್ತಿರೋರು ಬಿಡಿಸಿ ಹೇಳ್ತೀರಾ?

ಹಸಿರುಕಣ್ಣು

ಮೇಘನಾ, ಆ ಒಂದು ಸಾಲನ್ನು ದಯವಿಟ್ಟು ಸೆಮಿನಾರ್‌ನಲ್ಲಿ ಓದಬೇಡಮ್ಮ. ಅದು ತಪ್ಪು, ಆ ನೆಟ್‌ವರ್ಕ್ ಕಟ್ಟಿದ ಅಲೆನ್ ಡ್ಯೂಮಾಂಟ್ ಅವರಿಗೆ ಮಾಡುವ ಅನ್ಯಾಯ ಕೂಡ.

ನಾನು ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡುವವನು. ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರು ಬೆಳಕು ಕೂಡಿಕೊಳ್ಳುವ ಒಂದು ಪುಟ್ಟ ಟ್ಯೂಬ್ ಆ ರೇಡಿಯೋಗಳಲ್ಲಿ ಇರುತ್ತಿತ್ತು, ಮ್ಯಾಜಿಕ್ ಐ ಅಂತ. ಅದು ಅಲೆನ್ ಡ್ಯೂಮಾಂಟ್ ಅವರ ತಲೆಯಿಂದ ಬಂದದ್ದು. ಅದರ ಹಕ್ಕನ್ನು ಎನ್‌ಬಿಸಿಯ ಒಡೆತನವಿದ್ದ ಆರ್‌ಸಿಎ ಕಂಪನಿಗೆ 20,000 ಡಾಲರಿಗೆ ಮಾರಿ, ಆ ದುಡ್ಡನ್ನು ಟಿವಿ ಕೆಲಸಕ್ಕೆ ಹಾಕಿದರು. ಅದಕ್ಕೂ ಮೊದಲು ನ್ಯೂಜೆರ್ಸಿಯ ತಮ್ಮ ಮನೆಯಲ್ಲೇ ಪ್ರಯೋಗ ಮಾಡುತ್ತಾ, ಗಂಟೆಗಳ ಲೆಕ್ಕದಲ್ಲಿ ಸುಟ್ಟುಹೋಗುತ್ತಿದ್ದ ಪಿಕ್ಚರ್ ಟ್ಯೂಬನ್ನು ಸಾವಿರ ಗಂಟೆ ಬಾಳುವಂತೆ ಮಾಡಿದ್ದರು. ಟಿವಿ ಅನ್ನುವುದು ಲ್ಯಾಬ್‌ನಿಂದ ಮನೆಗೆ ಬರಲು ಆಗಿದ್ದು ಹಾಗೆ. 1938ರಲ್ಲೇ ಅವರ ಕಂಪನಿಯ ಸೆಟ್ ಅಂಗಡಿಗೆ ಬಂತು. ಆರ್‌ಸಿಎ ತನ್ನ ಸೆಟ್ಟನ್ನು ಜಗತ್ತಿಗೆ ತೋರಿಸಿದ್ದು ಮರುವರ್ಷದ ನ್ಯೂಯಾರ್ಕ್ ವಿಶ್ವಮೇಳದಲ್ಲಿ.

ಈಗ ನಿಮ್ಮ ಪ್ರಶ್ನೆ. ನೆಟ್‌ವರ್ಕ್ ಅಂದರೆ ಕಾರ್ಯಕ್ರಮ ಅಂತ ನಾವು ತಿಳಿದುಕೊಂಡಿರುತ್ತೇವೆ. ಅದು ಮೊದಲು ಸ್ಟೇಷನ್‌ಗಳ ಸರಪಳಿ. ಎಷ್ಟು ಊರಿನ ಗೋಪುರಗಳು ನಿಮ್ಮ ಕಾರ್ಯಕ್ರಮ ಎತ್ತಿಕೊಳ್ಳುತ್ತವೆ ಅನ್ನುವುದರ ಮೇಲೆ ಜಾಹೀರಾತಿನ ದುಡ್ಡು ನಿಂತಿರುತ್ತದೆ. ಎನ್‌ಬಿಸಿ, ಸಿಬಿಎಸ್, ಎಬಿಸಿ ಮೂರಕ್ಕೂ ರೇಡಿಯೋ ಜಾಲ ಆಗಲೇ ಇತ್ತು. ಅದೇ ಸ್ಟೇಷನ್ ಮಾಲೀಕರು ಟಿವಿ ಹಾಕಿದಾಗ ಹಳೇ ನಂಟಿನವರ ಕೈಯನ್ನೇ ಹಿಡಿದರು. ಡ್ಯೂಮಾಂಟ್ ಅವರಿಗೆ ರೇಡಿಯೋ ಇರಲಿಲ್ಲ. 1946ರಲ್ಲಿ ಅವರ ನೆಟ್‌ವರ್ಕ್ ಅಂದರೆ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್, ನಡುವೆ ಒಂದು ಕೇಬಲ್. ಅಷ್ಟೇ.

ಸ್ವಂತ ಸ್ಟೇಷನ್‌ಗಳನ್ನಾದರೂ ಹೆಚ್ಚು ಮಾಡಿಕೊಳ್ಳೋಣ ಅಂದರೆ ಅಲ್ಲೂ ಕೈ ಕಟ್ಟಿತ್ತು. ಆ ಕಾಲದಲ್ಲಿ ಒಬ್ಬರ ಹತ್ತಿರ 5 ಟಿವಿ ಸ್ಟೇಷನ್‌ಗಿಂತ ಹೆಚ್ಚು ಇರುವಂತಿಲ್ಲ ಅಂತ ಎಫ್‌ಸಿಸಿ, ಅಂದರೆ ಅಮೆರಿಕದಲ್ಲಿ ರೇಡಿಯೋ, ಟಿವಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯ ನಿಯಮ. ಯುದ್ಧಕ್ಕೆ ಮುಂಚೆ ಬಂಡವಾಳಕ್ಕೆ ಅಂತ ಡ್ಯೂಮಾಂಟ್ ಪ್ಯಾರಾಮೌಂಟ್ ಪಿಕ್ಚರ್ಸ್‌ಗೆ ಪಾಲು ಕೊಟ್ಟಿದ್ದರು. ಪ್ಯಾರಾಮೌಂಟ್ ಕಡೆಯಿಂದ ಲಾಸ್ ಏಂಜಲೀಸ್‌ನಲ್ಲಿ ಒಂದು, ಷಿಕಾಗೋದಲ್ಲಿ ಒಂದು ಸ್ಟೇಷನ್ ಬಂತು. ಪ್ಯಾರಾಮೌಂಟ್ ಹಿಡಿತ ಡ್ಯೂಮಾಂಟ್ ಮೇಲಿದೆ, ಆದ್ದರಿಂದ ಆ ಎರಡೂ ಇವರ ಲೆಕ್ಕಕ್ಕೇ ಸೇರಬೇಕು ಅಂತ ಎಫ್‌ಸಿಸಿ ಹೇಳಿಬಿಟ್ಟಿತು. ಹಾಗಾಗಿ ಇವರು ಮೂರಕ್ಕೇ ನಿಲ್ಲಬೇಕಾಯಿತು. ಆ ಎರಡು ಸ್ಟೇಷನ್‌ಗಳಾದರೂ ಡ್ಯೂಮಾಂಟ್ ಜಾಲದ ಬೆನ್ನಿಗೆ ನಿಂತವೇ? ಇಲ್ಲ. ಪ್ಯಾರಾಮೌಂಟ್ ತನ್ನದೇ ಕಾರ್ಯಕ್ರಮಗಳನ್ನು ಬೇರೆ ಊರುಗಳ ಸ್ಟೇಷನ್‌ಗಳಿಗೆ ಮಾರುತ್ತಾ ಪೈಪೋಟಿಗೇ ಇಳಿಯಿತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಈ ಒಂದು ಜಾಗದಲ್ಲಿ.

ಮೂರನೆಯ ಸ್ಟೇಷನ್ ಪಿಟ್ಸ್‌ಬರ್ಗ್, 1949ರ ಜನವರಿಯಲ್ಲಿ ಶುರುವಾದ ಡಬ್ಲ್ಯುಡಿಟಿವಿ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಕಥೆಯ ಕೀಲಿ ಇಲ್ಲಿದೆ. ಹಿಂದಿನ ವರ್ಷ ಎಫ್‌ಸಿಸಿ ಹೊಸ ಸ್ಟೇಷನ್‌ಗಳಿಗೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತ್ತು. ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರುತ್ತಿದೆ, ಸರಿ ಮಾಡಿಕೊಂಡು ಕೊಡುತ್ತೇವೆ ಅಂದಿದ್ದು 1952ರ ಏಪ್ರಿಲ್‌ವರೆಗೆ ಎಳೆಯಿತು. ಅಷ್ಟು ದಿನ ಬಹಳ ಊರುಗಳಲ್ಲಿ ಇದ್ದದ್ದು ಒಂದೋ ಎರಡೋ ಸ್ಟೇಷನ್. ಅವು ಮೊದಲು ಎನ್‌ಬಿಸಿ, ಸಿಬಿಎಸ್‌ನವನ್ನು ಹಾಕಿ, ಖಾಲಿ ಉಳಿದ ಗಂಟೆ ಇದ್ದರೆ ಡ್ಯೂಮಾಂಟ್‌ಗೆ ಕೊಡುತ್ತಿದ್ದವು. ಆದರೆ ಪಿಟ್ಸ್‌ಬರ್ಗ್‌ನಂಥ ದೊಡ್ಡ ಊರಿನಲ್ಲಿ ಇದ್ದ ಒಂದೇ ಸ್ಟೇಷನ್ ಇವರದು. ಅಲ್ಲಿನ ಜನರನ್ನು ಮುಟ್ಟಬೇಕಾದರೆ ಎನ್‌ಬಿಸಿಯೂ ಇವರ ಬಾಗಿಲಿಗೇ ಬರಬೇಕು. ಪಿಟ್ಸ್‌ಬರ್ಗ್‌ನಲ್ಲಿ ನಿಮ್ಮದನ್ನು ಹಾಕುತ್ತೇವೆ, ಬೇರೆ ಊರಲ್ಲಿ ನಮ್ಮದಕ್ಕೂ ಜಾಗ ಬಿಡಿ ಅಂತ ಚೌಕಾಶಿ ಮಾಡಲು ಅವರ ಕೈಯಲ್ಲಿದ್ದ ಒಂದೇ ಹಿಡಿತ ಅದು.

ತಡೆ ತೆಗೆದಾಗಲೂ ಒಳ್ಳೆಯದಾಗಲಿಲ್ಲ. ಪ್ರತಿ ದೊಡ್ಡ ಊರಿಗೂ ಆಗಿನ ಸೆಟ್ಟುಗಳಲ್ಲಿ ಸಿಗುತ್ತಿದ್ದ ವಿಎಚ್‌ಎಫ್ ತರಂಗದ ನಾಲ್ಕು ಚಾನೆಲ್ ಬರುವಂತೆ ಹಂಚಿ ಅಂತ ಡ್ಯೂಮಾಂಟ್ ಎಂಜಿನಿಯರ್‌ಗಳು ಯೋಜನೆ ಹಾಕಿ ಕೊಟ್ಟಿದ್ದರು. ಎಫ್‌ಸಿಸಿ ಒಪ್ಪಲಿಲ್ಲ. ಹೊಸಬರನ್ನು ಬಹುಪಾಲು 14ರಿಂದ 83ರವರೆಗಿನ ಯುಎಚ್‌ಎಫ್ ತರಂಗದ ಚಾನೆಲ್‌ಗಳಿಗೆ ಕಳಿಸಿತು. ಜನರ ಮನೆಯಲ್ಲಿದ್ದ ಸೆಟ್ಟುಗಳಲ್ಲಿ ಯುಎಚ್‌ಎಫ್ ಸಿಗುತ್ತಲೇ ಇರಲಿಲ್ಲ, ಬೇಕೆಂದರೆ ಬೇರೆ ಕನ್ವರ್ಟರ್ ಕೊಂಡು ಹಾಕಿಸಬೇಕು. ಡ್ಯೂಮಾಂಟ್‌ಗೆ ಸಿಕ್ಕ ಹೊಸ ಗೆಳೆಯರು ಹೆಚ್ಚಿನವರು ಇಂಥವರೇ. ಕೊನೆಗೆ ದುಡ್ಡಿನ ಒತ್ತಡದಲ್ಲಿ 1954ರ ಕೊನೆಗೆ ಪಿಟ್ಸ್‌ಬರ್ಗನ್ನೇ ವೆಸ್ಟಿಂಗ್‌ಹೌಸ್ ಕಂಪನಿಗೆ ಮಾರಿದರು, 97.5 ಲಕ್ಷ ಡಾಲರಿಗೆ. ಮರುವರ್ಷವೇ ಕಾರ್ಯಕ್ರಮಗಳು ಒಂದೊಂದಾಗಿ ನಿಂತವು. ಪ್ಯಾರಾಮೌಂಟ್ ಆಡಳಿತ ಹಿಡಿದು ಡ್ಯೂಮಾಂಟ್ ಅವರನ್ನು ಪಕ್ಕಕ್ಕೆ ಸರಿಸಿತು. 1956ರ ಆಗಸ್ಟ್ 6ರಂದು ಒಂದು ಬಾಕ್ಸಿಂಗ್ ಪಂದ್ಯ ತೋರಿಸಿದ್ದೇ ಕೊನೆ.

ರಾಘು_ಬಿ

ಹಸಿರುಕಣ್ಣು ಸರ್ ಹೇಳಿದ್ದು ಸರಿಯೇ, ಆದರೆ ತಪ್ಪೆಲ್ಲ ಎಫ್‌ಸಿಸಿ ತಲೆಗೆ ಕಟ್ಟೋಕೆ ನನಗೆ ಮನಸ್ಸಿಲ್ಲ. ಎಬಿಸಿಗೂ ಸ್ಟೇಷನ್‌ಗಳ ಬರ ಇತ್ತಲ್ಲ? ಅದು 1953ರಲ್ಲಿ ಯುನೈಟೆಡ್ ಪ್ಯಾರಾಮೌಂಟ್ ಥಿಯೇಟರ್ಸ್ (ಪ್ಯಾರಾಮೌಂಟ್ ಪಿಕ್ಚರ್ಸ್‌ನಿಂದ ಬೇರೆಯಾದ ಚಿತ್ರಮಂದಿರಗಳ ಕಂಪನಿ) ಜೊತೆ ಸೇರಿ ದುಡ್ಡು ತಂದುಕೊಂಡು ಬದುಕಿತು. ಗ್ಲೀಸನ್ ಡ್ಯೂಮಾಂಟ್‌ನಲ್ಲಿ ಎರಡು ವರ್ಷ ಇದ್ದು, ಹನಿಮೂನರ್ಸ್ ಪ್ರಹಸನವನ್ನು ಅಲ್ಲೇ ಶುರು ಮಾಡಿ, 1952ರಲ್ಲಿ ಸಿಬಿಎಸ್‌ಗೆ ಹೋದರು. ಕಲಾವಿದರನ್ನು ಉಳಿಸಿಕೊಳ್ಳುವಷ್ಟು ಸಂಬಳ ಕೊಡದಿದ್ದರೆ ಗೋಪುರ ಎಷ್ಟಿದ್ದು ಏನು ಪ್ರಯೋಜನ?

ಹಸಿರುಕಣ್ಣು

ರಾಘು, ನ್ಯಾಯವಾದ ಮಾತು. ಸಂಬಳ ಕೊಡಲು ದುಡ್ಡು ಬರಬೇಕಾಗಿದ್ದು ಅದೇ ಗೋಪುರಗಳಿಂದ ಅನ್ನುವುದು ನನ್ನ ಉತ್ತರ. ಎಬಿಸಿ ಜೊತೆ ಸೇರುವ ಮಾತುಕತೆ ಡ್ಯೂಮಾಂಟ್‌ಗೂ ನಡೆದಿತ್ತು, ಅದನ್ನು ತಡೆದದ್ದೂ ಪ್ಯಾರಾಮೌಂಟ್. ಆದರೂ ಡ್ಯೂಮಾಂಟ್ ಮನಸ್ಸು ಎಂಜಿನಿಯರ್‌ನ ಮನಸ್ಸು ಅನ್ನುವುದನ್ನು ಒಪ್ಪುತ್ತೇನೆ. ಟ್ಯೂಬ್ ಮೇಲಿದ್ದ ಪ್ರೀತಿ ಅವರಿಗೆ ರಂಗದ ಮೇಲಿತ್ತು ಅನ್ನಲಾರೆ.

ಆದರೆ ದುಡ್ಡಿಲ್ಲದ್ದರಿಂದಲೇ ಅಲ್ಲಿ ಬೇರೆಯವರು ಮಾಡದ್ದನ್ನು ಮಾಡಿದರು, ಇದನ್ನು ಮರೆಯಬಾರದು. ಹೇಜಲ್ ಸ್ಕಾಟ್ ಎಂಬ ಕಪ್ಪು ಪಿಯಾನೋ ವಾದಕಿಗೆ 1950ರಲ್ಲಿ ಸ್ವಂತ ಕಾರ್ಯಕ್ರಮ ಕೊಟ್ಟರು. ಕಮ್ಯುನಿಸ್ಟ್ ಅಂತ ಹಣೆಪಟ್ಟಿ ಹಚ್ಚುವ ಪಟ್ಟಿಯೊಂದರಲ್ಲಿ ಆಕೆಯ ಹೆಸರು ಬಂದಮೇಲೆ ಅದನ್ನು ನಿಲ್ಲಿಸಿದ್ದೂ ಇವರೇ, ಅದು ಕಳಂಕ. 1951ರಲ್ಲಿ ಚೀನೀ ಮೂಲದ ನಟಿ ಆನಾ ಮೇ ವಾಂಗ್ ನಾಯಕಿಯಾಗಿ ಒಂದು ಸರಣಿ ಬಂತು. ಕ್ಯಾಥೊಲಿಕ್ ಧರ್ಮಗುರು ಬಿಷಪ್ ಶೀನ್ ಒಂದು ಕಪ್ಪು ಹಲಗೆ, ಸೀಮೆಸುಣ್ಣ ಹಿಡಿದು ಮಾತಾಡುತ್ತಾ ಎನ್‌ಬಿಸಿಯ ಹಾಸ್ಯನಟ ಮಿಲ್ಟನ್ ಬರ್ಲ್ ಎದುರಿಗೆ ನಿಂತು ಎಮ್ಮಿ ಎಂಬ ಟಿವಿ ಪ್ರಶಸ್ತಿ ಗೆದ್ದರು. 1954ರಲ್ಲಿ ಸೇನೆ ಮತ್ತು ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಮೆಕಾರ್ಥಿ ನಡುವಿನ ವಿಚಾರಣೆಯನ್ನು ಎನ್‌ಬಿಸಿ, ಸಿಬಿಎಸ್ ಪೂರ್ತಿ ತೋರಿಸಲಿಲ್ಲ. ಹಗಲಿನ ಜಾಹೀರಾತು ಅವರಿಗೆ ಮುಖ್ಯ. ಬೆಳಗಿನಿಂದ ಕೊನೆಯವರೆಗೆ ತೋರಿಸಿದ್ದು ಎಬಿಸಿ ಮತ್ತು ಡ್ಯೂಮಾಂಟ್.

ಶಾರದಾ ಎಸ್.

ನಾನು ಸಂಗ್ರಹಾಲಯದ ಕೆಲಸದವಳು, ಒಂದು ವಿಷಯ ಸೇರಿಸುತ್ತೇನೆ. ಮೇಘನಾ, ನೋಡಿ ಬರೆಯೋಣ ಅಂದರೆ ಡ್ಯೂಮಾಂಟ್ ಕಾರ್ಯಕ್ರಮಗಳು ಬಹುತೇಕ ಉಳಿದಿಲ್ಲ. ಆಗ ವಿಡಿಯೋ ಟೇಪ್ ಇರಲಿಲ್ಲ. ಪರದೆಯ ಎದುರಿಗೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿಗೆ ಕಿನೆಸ್ಕೋಪ್ ಅಂತಾರೆ. ಕೇಬಲ್ ತಲುಪದ ಊರುಗಳಿಗೆ ಅದನ್ನೇ ಅಂಚೆಯಲ್ಲಿ ಕಳಿಸುತ್ತಿದ್ದರು. 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸಿದ ವಿಚಾರಣೆಯಲ್ಲಿ ನಟಿ ಈಡೀ ಆಡಮ್ಸ್ ಹೇಳಿಕೆ ಕೊಟ್ಟಿದ್ದಾರೆ: 1970ರ ದಶಕದಲ್ಲಿ ಆ ದಾಸ್ತಾನನ್ನು ಯಾರು ಇಟ್ಟುಕೊಳ್ಳಬೇಕು ಅನ್ನೋ ತಕರಾರು ಬಂದಾಗ, ಲಾರಿಗಳಿಗೆ ತುಂಬಿ ಒಯ್ದು ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಸುರಿದರಂತೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಜನಪ್ರಿಯ ಕಾರ್ಯಕ್ರಮ ಇರಲಿಲ್ಲ ಅಂತ ಸುಲಭವಾಗಿ ಬರೆಯೋಕೆ ಆಗೋದು ನೋಡೋಕೆ ಏನೂ ಸಿಗದೇ ಇರೋದರಿಂದಲೂ ಇರಬಹುದು.

ಮೇಘನಾ

ಶಾರದಾ ಮೇಡಂ, ಓದಿ ತುಂಬಾ ಬೇಜಾರಾಯ್ತು. ಸರ್, ಇನ್ನೊಂದೇ ಪ್ರಶ್ನೆ. ಪಿಟ್ಸ್‌ಬರ್ಗ್ ಮಾರಿದರು, ಉಳಿದ ಎರಡು ಸ್ಟೇಷನ್ ಏನಾದವು?

ಹಸಿರುಕಣ್ಣು

ಅವು ಬದುಕಿವೆ. ನೆಟ್‌ವರ್ಕ್ ಹೋದಮೇಲೆ ನ್ಯೂಯಾರ್ಕ್, ವಾಷಿಂಗ್ಟನ್ ಎರಡೂ ಬೇರೆ ಕಂಪನಿಯಾಗಿ, ಉದ್ಯಮಿ ಜಾನ್ ಕ್ಲೂಗೆ ಅವರ ಕೈಗೆ ಬಂದು ಮೆಟ್ರೋಮೀಡಿಯಾ ಆದವು. ಆ ಸ್ಟೇಷನ್‌ಗಳನ್ನು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ಕೊಂಡರು, 1986ರಲ್ಲಿ ಅವುಗಳ ಮೇಲೆಯೇ ಫಾಕ್ಸ್ ನೆಟ್‌ವರ್ಕ್ ಶುರುವಾಯಿತು. ಅಷ್ಟು ಹೊತ್ತಿಗೆ ಎಲ್ಲ ಸೆಟ್‌ನಲ್ಲೂ ಯುಎಚ್‌ಎಫ್ ಇರಲೇಬೇಕು ಅನ್ನುವ 1962ರ ಕಾನೂನು ಹಳೆಯದಾಗಿತ್ತು, ಕೇಬಲ್ ಕೂಡ ಮನೆಮನೆಗೆ ಬಂದಿತ್ತು. ನಾಲ್ಕನೆಯವನಿಗೆ ಜಾಗ ಸಿಕ್ಕಿತು.

ನ್ಯೂಯಾರ್ಕ್ ಸ್ಟೇಷನ್ ಡಬ್ಲ್ಯುಎಬಿಡಿ, ಅಂದರೆ ಅಲೆನ್ ಬಿ. ಡ್ಯೂಮಾಂಟ್. ಆ ಹೆಸರು ಬದಲಾಯಿಸಿದರು. ವಾಷಿಂಗ್ಟನ್‌ನ ಡಬ್ಲ್ಯುಟಿಟಿಜಿ ಮಾತ್ರ ಹಾಗೇ ಇದೆ. ಅದರಲ್ಲಿನ ಟಿಟಿಜಿ ಅಂದರೆ ಥಾಮಸ್ ಟಿ. ಗೋಲ್ಡ್‌ಸ್ಮಿತ್, ಡ್ಯೂಮಾಂಟ್ ಅವರ ಸಂಶೋಧನಾ ವಿಭಾಗದ ಮುಖ್ಯಸ್ಥರು. 1947ರಲ್ಲೇ ಪಿಕ್ಚರ್ ಟ್ಯೂಬ್ ಮೇಲೆ ಆಡುವ ಆಟಕ್ಕೆ ಪೇಟೆಂಟ್ ಕೇಳಿದ್ದವರು, ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಮೇಘನಾ

ಖಂಡಿತ ಬರೀರಿ ಸರ್, ಕಾಯ್ತೀನಿ. ಸೆಮಿನಾರ್ ಶುಕ್ರವಾರ. ಆ ಸಾಲು ಹೊಡೆದುಹಾಕಿ ಪಿಟ್ಸ್‌ಬರ್ಗ್‌ನಿಂದಲೇ ಶುರು ಮಾಡ್ತೀನಿ.